ಕ್ಯಾನನ್ ಗಾರ್ಬಟ್ ಹೇಳಿದ ಸುಳ್ಳು

ಆಸ್ವಿನ್ ಗಾರ್ಬಟ್ ಅವರು ಸೆಲ್ವಿಕ್ ಕೆಥೆಡ್ರಲ್ಲಿಗೆ ಕ್ಯಾನನ್ ಆಗಿ, ಎಂದರೆ ಆಡಳಿತ ಮಂಡಳಿಯ ಪಾದ್ರಿಯಾಗಿ, ಬಂದ ಮೊದಲ ವಾರವೇ ನಾನು ಅವರ ಮೇಲೆ ಡೀನ್ ಅವರ ಹತ್ತಿರ ಚಾಡಿ ಹೇಳಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ನನಗೆ ಸುಲಭ.

ನಾನು ಅಲ್ಲಿ ಹಿರಿಯ ವರ್ಜರ್. ಕರಿಯ ನಿಲುವಂಗಿ ತೊಟ್ಟು, ಬೆಳ್ಳಿ ಕಟ್ಟಿದ ಕೋಲು ಹಿಡಿದು ಆರಾಧನೆಯ ಹೊತ್ತಿಗೆ ಪಾದ್ರಿಗಳ ಮುಂದೆ ನಡೆಯುವುದು, ಗಣ್ಯರನ್ನು ಅವರವರ ಕುರ್ಚಿಗೆ ಕರೆದೊಯ್ಯುವುದು ನನ್ನ ಕೆಲಸ. ಎಲ್ಲ ಮುಗಿದ ಮೇಲೆ ಗುಡಿಸುವುದೂ ನನ್ನದೇ. ನಾವಿದ್ದ ಮನೆ ಕೆಥೆಡ್ರಲ್ಲಿಗೆ ಸೇರಿದ್ದು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಹೆಂಡತಿ, ಮೂವರು ಹೆಣ್ಣುಮಕ್ಕಳು. ಹಾಗಾಗಿ ಡೀನ್ ಸ್ಟ್ರೋಡ್ ಅವರ ಮುಖದ ಬಣ್ಣ ನೋಡಿ ನಡೆದುಕೊಳ್ಳುವುದು ನನಗೆ ರೂಢಿಯಾಗಿತ್ತು. ಕೆಥೆಡ್ರಲಿನ ಒಳಗೆ ಬಿಷಪ್ಪರದೂ ನಡೆಯದು, ಮುಖ್ಯ ಪಾದ್ರಿಯಾದ ಡೀನ್ ಅವರದೇ ಮಾತು.

"ಹೊಸ ಕ್ಯಾನನ್ ಕಲ್ಲುಕುಟಿಗರ ಕೊಟ್ಟಿಗೇಲಿ ಕೂತು ರೊಟ್ಟಿ ತಿಂತಿದ್ರು, ಡೀನ್ ಅವರೇ. ತೋಳು ಮಡಚಿಕೊಂಡು. ಮೇಸ್ತ್ರಿ ಹೆಸ್ಲಪ್ ಜೊತೆ, ಒಂದೇ ಡಬ್ಬಿಯಿಂದ," ಎಂದೆ.

ಡೀನ್ ಕಿಟಕಿಯ ಕಡೆಯಿಂದ ತಿರುಗಲೂ ಇಲ್ಲ. "ತಿನ್ನಲಿ ಬಿಡು ಲಮ್ಲಿ. ಬೀದಿ ನಾಯಿಗೆ ಹೊಸ ಮನೆ ಒಗ್ಗೋಕೆ ಒಂದಷ್ಟು ದಿನ ಬೇಕಾಗುತ್ತೆ."

ನಾನು ನಕ್ಕೆ.

ಗಾರ್ಬಟ್ ಹುಟ್ಟಿದ್ದು ೧೮೮೫ರಲ್ಲಿ, ಡರ್ಹಮ್ ಸೀಮೆಯ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಲ್ಲಿ. ಹದಿಮೂರನೆಯ ವಯಸ್ಸಿಗೆ ಗಣಿಗೆ ಇಳಿದರು. ಹದಿನಾರಾಗಿದ್ದಾಗ ಅಪ್ಪನೂ ಅಣ್ಣನೂ ಒಂದೇ ಬೆಳಿಗ್ಗೆ, ಕುಸಿದ ಸೂರಿನ ಕೆಳಗೆ ಸಿಕ್ಕಿ ಸತ್ತರು. ಸೂರಿಗೆ ಕೊಟ್ಟಿದ್ದ ಮರದ ಆನಿಕೆಗಳು ಎಂಟು ಗಂಟೆಯಿಂದ ಕಿರುಗುಟ್ಟುತ್ತಿದ್ದವಂತೆ. ಮೇಲ್ವಿಚಾರಕನಿಗೂ ಕೇಳಿಸಿತ್ತು. ಆ ದಿನದ ಕಲ್ಲಿದ್ದಲು ಮುಗಿಯಲಿ ಎಂದು ಅವನು ಕಾದ. ಪಕ್ಕದ ಸುರಂಗದಲ್ಲಿದ್ದ ಗಾರ್ಬಟ್ ಅವರೇ ಅಪ್ಪನ ಬೂಟು ಗುರುತಿಸಿದ್ದು. ಅದಾದ ಮೇಲೆ ಊರಿನ ಪಾದ್ರಿ ಅವರನ್ನು ಮನೆಯಲ್ಲಿಟ್ಟುಕೊಂಡು ಲ್ಯಾಟಿನ್ ಕಲಿಸಿದರು. ವಿದ್ಯಾರ್ಥಿವೇತನ ಸಿಕ್ಕಿತು, ಕಾಲೇಜಾಯಿತು, ಇಪ್ಪತ್ತಾರಕ್ಕೆ ದೀಕ್ಷೆಯಾಯಿತು. ಹಡಗು ಕಟ್ಟುವವರ ಕೇರಿಯಲ್ಲಿ ಸಹಾಯಕ ಪಾದ್ರಿ, ಆಮೇಲೆ ಮೂರು ವರ್ಷ ಫ್ರಾನ್ಸಿನ ಕಂದಕಗಳಲ್ಲಿ ಸೈನ್ಯದ ಪಾದ್ರಿ. ಅಲ್ಲಿ ಕೊಟ್ಟ ಪದಕ ಅವರ ಮನೆಯಲ್ಲಿ ಗುಂಡಿ, ಸೂಜಿ ಹಾಕಿಡುವ ಡ್ರಾಯರಿನಲ್ಲಿ ಬಿದ್ದಿತ್ತು. ಯುದ್ಧದಿಂದ ಬಂದು ವಿನಿಫ್ರೆಡ್ ಎಂಬ ನರ್ಸನ್ನು ಮದುವೆಯಾದರು. ಬಂದರಿನ ಕೇರಿಯ ಇಗರ್ಜಿಯಲ್ಲಿ ಹದಿಮೂರು ವರ್ಷ ಕಳೆದರು. ಶನಿವಾರ ಕುಡಿದು ಹೊಡೆದಾಡುವವರ ಮಧ್ಯೆ ನುಗ್ಗಿ ಇಬ್ಬರ ಕಾಲರ್ ಹಿಡಿದು ಎತ್ತುತ್ತಿದ್ದರಂತೆ. ೧೯೩೨ರಲ್ಲಿ ಹಿಂದಿನ ಬಿಷಪ್ಪರು ಅವರನ್ನು ಕೆಥೆಡ್ರಲ್ಲಿಗೆ ತಂದರು.

ಅಲ್ಲಿ ಅವರಿಗೆ ಏನೂ ಹೊಂದಲಿಲ್ಲ. ಕೆಥೆಡ್ರಲಿನಲ್ಲಿ ದಿನಕ್ಕೆರಡು ಸಲ ಪ್ರಾರ್ಥನೆಯನ್ನು ರಾಗವಾಗಿ ಹಾಡಬೇಕು. ಗಾರ್ಬಟ್ ಹಾಡಿದರೆ ಆರ್ಗನ್ ಬಾರಿಸುವವನು ಹಲ್ಲುನೋವು ಬಂದವನಂತೆ ಕೆನ್ನೆ ಹಿಡಿದುಕೊಳ್ಳುತ್ತಿದ್ದ. ಮಾತು ಗಣಿಸೀಮೆಯ ಮಾತು. ಸಿಟ್ಟು ಬಂದರಂತೂ ಕಲಿತದ್ದೆಲ್ಲ ಹಾರಿಹೋಗಿ ಹಳ್ಳಿಯ ನುಡಿಯೇ ಬಾಯಿಗೆ ಬರುತ್ತಿತ್ತು. ಉಳಿದ ಮೂವರು ಕ್ಯಾನನ್‌ಗಳು ಚಹಾಕ್ಕೆ ಕರೆದು ಅವರ ಕೈಯ ನೀಲಿ ಮಚ್ಚೆಗಳನ್ನೇ ನೋಡುತ್ತಿದ್ದರು. ಕಲ್ಲಿದ್ದಲ ಚೂರು ಚರ್ಮದೊಳಗೆ ಉಳಿದು ಆದ ಮಚ್ಚೆಗಳು ಅವು, ತೊಳೆದರೆ ಹೋಗುವುದಿಲ್ಲ.

೧೯೩೬ರ ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಗೋಪುರದ ಕೆಳಗೆ ಗುಡಿಸುತ್ತಿದ್ದೆ. ನಮ್ಮ ಕೆಥೆಡ್ರಲಿನ ನಟ್ಟನಡುವೆ ನಾಲ್ಕು ಭಾರಿ ಕಂಬಗಳ ಮೇಲೆ ಗೋಪುರ ನಿಂತಿದೆ. ಗಾರ್ಬಟ್ ಬಂದವರು ನನ್ನ ಪೊರಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು, ಬೆರಳಿಂದ ಒಂದಿಷ್ಟು ಧೂಳು ತೆಗೆದು ಮೂಸಿದರು.

"ಇದು ಎಷ್ಟು ದಿನದಿಂದ ಬೀಳ್ತಿದೆ, ಲಮ್ಲಿ?"

"ಧೂಳು ತಾನೆ ಕ್ಯಾನನ್. ಹಳೇ ಕಟ್ಟಡ."

"ಧೂಳು ಬೂದು ಬಣ್ಣ ಇರುತ್ತೆ. ಇದು ಬಿಳಿ. ಇದು ಗಾರೆ ಕಣಯ್ಯಾ. ಎಷ್ಟು ದಿನದಿಂದ?"

ಆರು ತಿಂಗಳಿಂದ ದಿನಾ ಬೆಳಿಗ್ಗೆ ಗುಡಿಸುತ್ತಿದ್ದೆ. ಹೇಳಿದೆ. ಅವರು ಎದ್ದು ಹೋಗಿ ಈಶಾನ್ಯದ ಕಂಬಕ್ಕೆ ಕಿವಿಯಿಟ್ಟು ನಿಂತರು. ವೈದ್ಯರು ರೋಗಿಯ ಬೆನ್ನಿಗೆ ಕಿವಿಯಿಟ್ಟಂತಿತ್ತು. ನನಗೆ ನಗು ಬಂತು. ಸಂಜೆಯೊಳಗೆ ಅದನ್ನೂ ಡೀನ್ ಅವರಿಗೆ ಮುಟ್ಟಿಸಿದೆ.

ಮೇಸ್ತ್ರಿ ರೂಬೆನ್ ಹೆಸ್ಲಪ್ ಮೂರು ತಲೆಮಾರಿನಿಂದ ಆ ಕಲ್ಲುಗಳ ಜೊತೆ ಬಾಳಿದ ಮನೆತನದವನು. ಗಾರ್ಬಟ್ ಮತ್ತು ಅವನು ಮೇಲೆ ಹತ್ತಿ, ಬಿರುಕು ಬಿಟ್ಟಲ್ಲೆಲ್ಲ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿದರು. ಒಟ್ಟು ಹನ್ನೆರಡು. ಗಾಜು ಬಾಗುವುದಿಲ್ಲ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಚಟ್ಟೆಂದು ಒಡೆಯುತ್ತದೆ. ಏಪ್ರಿಲಿನಲ್ಲಿ ಒಂದು ಒಡೆಯಿತು. ಜುಲೈ ಹೊತ್ತಿಗೆ ಮೂರು. ಆಗಸ್ಟಿನಲ್ಲಿ ಐದು.

ಆಗಸ್ಟಿನ ಸಭೆಯಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ. ಮೇಜಿನ ತಲೆಯಲ್ಲಿ ಡೀನ್, ಸುತ್ತ ನಾಲ್ವರು ಕ್ಯಾನನ್‌ಗಳು, ಪಕ್ಕದಲ್ಲಿ ಕೆಥೆಡ್ರಲಿನ ವಾಸ್ತುಶಿಲ್ಪಿ, ದೊಡ್ಡ ಹೆಸರಿನ ಮುದುಕ. ಗಾರ್ಬಟ್ ಒಡೆದ ಗಾಜಿನ ಚೂರುಗಳನ್ನು ಕರವಸ್ತ್ರದಲ್ಲಿ ತಂದು ಮೇಜಿನ ಮೇಲೆ ಸುರಿದರು.

"ಗೋಪುರ ಸರೀತಿದೆ. ಮೈಕೇಲ್ಮಸ್ ಹಬ್ಬದ ದಿನ ಹೊಸ ಬಿಷಪ್ಪರ ಪಟ್ಟಾಭಿಷೇಕ ಬೇರೆ ಎಲ್ಲಾದರೂ ಆಗಲಿ. ಕೆಥೆಡ್ರಲ್ ಮುಚ್ಚಿ, ಕಂಬಕ್ಕೆ ಆನಿಕೆ ಕೊಡಿಸೋಣ."

ವಾಸ್ತುಶಿಲ್ಪಿ ನಕ್ಕರು. "ಹಳೇ ಗೋಪುರಗಳು ಉಸಿರಾಡ್ತವೆ ಕ್ಯಾನನ್. ಬೇಸಿಗೇಲಿ ಹಿಗ್ಗುತ್ತೆ, ಚಳಿಗಾಲದಲ್ಲಿ ಕುಗ್ಗುತ್ತೆ. ಏಳುನೂರು ವರ್ಷದಿಂದ ಹೀಗೇ."

"ಉಸಿರಾಡೋದು ಆದ್ರೆ ಒಳಗೆ ಹೋದದ್ದು ಹೊರಗೂ ಬರಬೇಕಲ್ಲ? ಇದು ಬರೀ ಒಂದೇ ಕಡೆ ಹೋಗ್ತಿದೆ."

ಡೀನ್ ಸ್ಟ್ರೋಡ್ ಕೆಟ್ಟವರಲ್ಲ. ಇಪ್ಪತ್ತೆರಡು ವರ್ಷ ಆ ಕಟ್ಟಡವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದರು. ಹೆಂಡತಿಯ ಶವಪೆಟ್ಟಿಗೆ ಅದೇ ಗೋಪುರದ ಕೆಳಗೆ ಒಂದು ರಾತ್ರಿ ಇದ್ದು ಹೋಗಿತ್ತು. ಅದು ಬೀಳಬಹುದು ಎನ್ನುವುದನ್ನು ಕೇಳಿಸಿಕೊಳ್ಳಲೂ ಅವರಿಂದ ಆಗುತ್ತಿರಲಿಲ್ಲ.

"ಗಾರ್ಬಟ್," ಎಂದರು, ಬಹಳ ಮೆತ್ತಗೆ, "ನೀವು ಗಣಿಯಿಂದ ಬಂದವರು. ನಿಮ್ಮ ಮನೇಲಿ ಆದದ್ದು ನಮಗೆಲ್ಲ ಗೊತ್ತು. ಪಾಪ, ನಿಮಗೆ ಎಲ್ಲಿ ನೋಡಿದರೂ ಸೂರು ಕುಸಿಯೋ ಹಾಗೇ ಕಾಣುತ್ತೆ."

ಗಾರ್ಬಟ್ ಅವರ ಮುಖ ಕಪ್ಪಿಟ್ಟಿತು. ಗಾಜಿನ ಚೂರುಗಳನ್ನು ಒಂದೊಂದಾಗಿ ಆಯ್ದು ಕರವಸ್ತ್ರಕ್ಕೆ ಹಾಕಿಕೊಂಡರು. ಒಂದು ಚೂರು ಬೆರಳನ್ನು ಕೊಯ್ದಿತು. ಸಭೆ ನಾಲ್ಕಕ್ಕೆ ಒಂದು ಮತದಿಂದ ಮುಂದಿನ ವಿಷಯಕ್ಕೆ ಹೋಯಿತು.

ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಮಂಗಳವಾರ, ಮೈಕೇಲ್ಮಸ್. ಎರಡು ಗಂಟೆಗೆ ಬಿಷಪ್ಪರು ಪಶ್ಚಿಮದ ಬಾಗಿಲಿಗೆ ಬಂದು ದಂಡದಿಂದ ಮೂರು ಸಲ ತಟ್ಟಬೇಕು, ಬಾಗಿಲು ತೆರೆಯಬೇಕು, ಅವರನ್ನು ಸಿಂಹಾಸನದಲ್ಲಿ ಕೂರಿಸಬೇಕು. ಆ ತಿಂಗಳ ಉಸ್ತುವಾರಿ ಗಾರ್ಬಟ್ ಅವರ ಪಾಳಿ. ಡೀನ್ ಮತ್ತು ಉಳಿದವರು ಬಿಷಪ್ಪರ ಜೊತೆ ಮೆರವಣಿಗೆಯಲ್ಲಿ ಬರಲು ಬಿಷಪ್ಪರ ನಿವಾಸವಾದ ಅರಮನೆಗೆ ಹೋಗಿದ್ದರು. ಒಂದು ಗಂಟೆಗೇ ಒಳಗೆ ಸಾವಿರದ ಎಂಟುನೂರು ಜನ. ಗೋಪುರದ ಕೆಳಗೆ ಜಾಗ ಸಾಲದೆಂದು ಇನ್ನೂ ಇನ್ನೂರು ಕುರ್ಚಿ ಹಾಕಿಸಿದ್ದೆವು. ಮೇಯರ್, ನ್ಯಾಯಾಧೀಶರು, ಆಸ್ಪತ್ರೆಯ ನರ್ಸುಗಳ ಎರಡು ಸಾಲು.

ಒಂದೂ ಇಪ್ಪತ್ತಕ್ಕೆ ಹೆಸ್ಲಪ್ ಪಕ್ಕದ ಕಿರುಬಾಗಿಲಿಂದ ಬಂದ. ಟೋಪಿ ತೆಗೆಯುವುದನ್ನೂ ಮರೆತಿದ್ದ.

"ಕ್ಯಾನನ್ನರೇ, ಹನ್ನೆರಡೂ ಒಡೆದೋದ್ವು. ಬೆಳಿಗ್ಗೆ ಏಳು ಇದ್ವು, ಈಗ ಒಂದೂ ಇಲ್ಲ."

"ಕಂಬ?"

"ಬಂದು ನೋಡ್ರಿ. ಮೈ ಸುಲೀತಾ ಐತೆ."

ಮೂವರೂ ಈಶಾನ್ಯದ ಕಂಬದ ಹಿಂಬದಿಗೆ ಹೋದೆವು. ಆಳೆತ್ತರದಲ್ಲಿ ಕಲ್ಲಿನ ಮೈ ತಟ್ಟೆಯಗಲ ಉಬ್ಬಿ ನಿಂತಿತ್ತು. ಹೆಸ್ಲಪ್ ಬೆರಳು ತಾಗಿಸಿದ್ದೇ ತಡ, ಚಕ್ಕೆ ಕಳಚಿ ಅವನ ಅಂಗೈಗೆ ಬಿತ್ತು. ಆಗ ಕೇಳಿಸಿತು. ಒಣಗಿದ ಕೊಂಬೆ ಮುರಿದಂಥ ಸದ್ದು, ಕಲ್ಲಿನೊಳಗಿಂದ. ಕಂಬದ ಆ ಕಡೆ ನರ್ಸುಗಳು ಏನೋ ಹೇಳಿಕೊಂಡು ನಗುತ್ತಿದ್ದರು. ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

"ಓಡು ಲಮ್ಲಿ," ಎಂದರು ಗಾರ್ಬಟ್. "ಡೀನ್ ಅವರಿಗೆ ಹೇಳು. ಮೆರವಣಿಗೆ ತಡೀಲಿ, ಜನಾನ ಆಚೆ ಕಳಿಸೋಕೆ ಅಪ್ಪಣೆ ಕೊಡ್ಲಿ. ನಾನು ಕಾಲಿಗೆ ಬಿದ್ದು ಕೇಳ್ದೆ ಅಂತ ಹೇಳು."

ಹುಲ್ಲುಹಾಸನ್ನು ದಾಟಿ ಓಡಿದೆ. ನಿಲುವಂಗಿ ಕಾಲಿಗೆ ತೊಡರುತ್ತಿತ್ತು. ಅರಮನೆಯ ಹಜಾರದಲ್ಲಿ ಡೀನ್ ಬಂಗಾರದ ಅಂಚಿನ ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಹೇಳಿದೆ. ಕಂಬದ ಮೈ, ಗಾಜು, ಸದ್ದು, ಎಲ್ಲ.

ಅವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. "ನೀನೂ ಶುರು ಮಾಡಿದೆಯಾ? ಹೋಗಿ ಹೇಳು: ಇವತ್ತು ಅವರು ಇನ್ನೊಂದು ಮಾತಾಡಿದರೆ ನಾನು ಸುಮ್ಮನಿರೋದಿಲ್ಲ. ಮತ್ತೆ ಲಮ್ಲಿ, ನಿನಗೊಂದು ಮನೆ ಇದೆ. ಮೂರು ಹೆಣ್ಣುಮಕ್ಕಳಿದ್ದಾರೆ. ನೆನಪಿರಲಿ."

ಹಿಂದಿರುಗಿ ಬಂದಾಗ ಒಂದೂ ಮುಕ್ಕಾಲಿಗೆ ಆರೇಳು ನಿಮಿಷ ಇತ್ತು. ಗಾರ್ಬಟ್ ಕಂಬಕ್ಕೆ ಅಂಗೈ ಊರಿ ನಿಂತಿದ್ದರು.

"ಏನಂದ್ರು?"

ಇದ್ದದ್ದು ಇದ್ದ ಹಾಗೆ ಹೇಳಿದೆ.

ಹೆಸ್ಲಪ್ ತಾಳ್ಮೆಗೆಟ್ಟ. "ಕೂಗಿಬಿಡ್ರಿ ಅತ್ಲಾಗೆ! ಬೀಳ್ತಾ ಐತೆ ಅಂತ ಕೂಗಿ!"

"ಕೂಗಿದ್ರೆ ಆ ಒಂದು ಬಾಗಿಲಿಗೆ ಸಾವಿರದ ಎಂಟುನೂರು ಜನ ನುಗ್ತಾರೆ ರೂಬೆನ್. ಗೋಪುರ ಬೀಳೋಕೆ ಮುಂಚೆ ಇವರೇ ಇವರನ್ನ ತುಳಿದು ಸಾಯಿಸ್ತಾರೆ." ನನ್ನ ಕಡೆ ತಿರುಗಿದರು. "ನನ್ನ ಮುಖ ನೋಡಿ ಇವರು ಏಳೋದಿಲ್ಲ. ನಿನ್ನ ಕೋಲು ನೋಡಿ ಏಳ್ತಾರೆ. ಹುಟ್ಟಿದಾಗಿನಿಂದ ಆ ಕೋಲಿನ ಹಿಂದೆ ನಡೆದು ಅಭ್ಯಾಸ. ಬರ್ತೀಯಾ?"

ಮನೆ ಕಣ್ಮುಂದೆ ಬಂತು. ಅಡುಗೆಮನೆಯ ಕಿಟಕಿ, ಸಾಲಾಗಿ ಒಣಹಾಕಿದ ಮಕ್ಕಳ ಕಾಲುಚೀಲ. ಕೋಲನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡೆ, ಅಷ್ಟೆ.

ಗಾರ್ಬಟ್ ಬೈಬಲ್ ಓದುವ ಪೀಠದ ಮೇಲೆ ಹೋಗಿ ನಿಂತರು. ಮುಖದಲ್ಲಿ ನಗು. ಆ ನಗುವನ್ನು ಎಲ್ಲಿಂದ ತಂದರೋ.

"ಬಂಧುಗಳೇ, ಒಂದು ಸಣ್ಣ ಬದಲಾವಣೆ. ಇಷ್ಟು ಚೆಂದದ ಬಿಸಿಲಿದೆ. ಹೊಸ ಬಿಷಪ್ಪರನ್ನ ನಾವೆಲ್ಲ ಹೊರಗೆ ಹುಲ್ಲುಹಾಸಿನ ಮೇಲೇ ಎದುರುಗೊಳ್ಳಬೇಕು ಅನ್ನೋದು ಡೀನ್ ಅವರ ಅಪೇಕ್ಷೆ. ಮುಂದಿನ ಸಾಲಿನವರು ಮೊದಲು. ವರ್ಜರ್ ಹಿಂದೆ ಸಾಲಾಗಿ, ಹಾಡ್ತಾ ಹೋಗೋಣ. ಅವಸರ ಏನಿಲ್ಲ."

ಅದೇ ಆ ಸುಳ್ಳು. ದೇವರ ವಾಕ್ಯ ಓದುವ ಪೀಠದಿಂದ, ಡೀನ್ ಅವರ ಹೆಸರಿನಲ್ಲಿ.

ನಾನು ಮೇಯರ್ ಮುಂದೆ ನಿಂತು ತಲೆಬಾಗಿದೆ. ಅವರು ಗೊಣಗಿದರು: "ಈಗ ತಾನೆ ಕೂತಿದ್ದೀವಲ್ಲಯ್ಯ." ಆದರೂ ಎದ್ದರು. ಅವರೆದ್ದರೆಂದು ನ್ಯಾಯಾಧೀಶರು ಎದ್ದರು, ಅವರೆದ್ದರೆಂದು ನರ್ಸುಗಳು. ಆರ್ಗನ್ ಬಾರಿಸುವವನು ಇದೇನೆಂದು ಕೈ ಎತ್ತಿದ. ಗಾರ್ಬಟ್ ಬೇಡವೆಂದು ತಲೆಯಾಡಿಸಿದ್ದು ಕಂಡಿತು. ಆರ್ಗನ್ನಿನ ಆ ದೊಡ್ಡ ಕೊಳವೆಗಳು ಗುಡುಗಿದರೆ ನೆಲವೇ ನಡುಗುತ್ತಿತ್ತು. ಹಾಗಾಗಿ ಗಾರ್ಬಟ್ ತಾವೇ ಹಾಡು ಶುರುಮಾಡಿದರು. ಎಲ್ಲರಿಗೂ ಬಾಯಿಪಾಠವಿದ್ದ ಹಳೆಯ ಸ್ತುತಿಗೀತೆ. ಶ್ರುತಿ ಎಲ್ಲೋ, ಸ್ವರ ಎಲ್ಲೋ. ಎರಡನೆಯ ಸಾಲಿಗೆ ಜನಕ್ಕೆ ಸಹಿಸಲಾಗಲಿಲ್ಲ. ಅವರನ್ನು ಪಾರುಮಾಡುವುದಕ್ಕೋ ಎಂಬಂತೆ ಇಡೀ ಸಭೆ ದನಿಗೂಡಿಸಿತು.

ಉದ್ದಕ್ಕೂ ನಡೆದೆ. ಓಡಬೇಕೆಂದು ಕಾಲು ಹೇಳುತ್ತಿತ್ತು. ಬೆನ್ನ ಹಿಂದೆ ಹಾಡು, ನೂರಾರು ಬೂಟುಗಳ ಸದ್ದು. ಅದರಡಿಯಲ್ಲಿ ಇನ್ನೊಂದು ಸದ್ದಿಗಾಗಿ ಕಿವಿ ಕಾದಿತ್ತು. ಬಾಗಿಲು ದಾಟಿ ಬಿಸಿಲಿಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇಯರನ್ನು ಹುಲ್ಲಿನ ಆಚೆಯ ತುದಿಯವರೆಗೆ ಕರೆದೊಯ್ದು ನಿಲ್ಲಿಸಿ ಮತ್ತೆ ಒಳಗೆ ಹೋದೆ. ಮತ್ತೊಂದು ಗುಂಪು. ಮತ್ತೊಂದು. ಹೀಗೆ ನಾಲ್ಕು ಸಲ.

ಕೊನೆಗೆ ಗೋಪುರದ ಕೆಳಗಿನ ಸಾಲುಗಳ ಅಂಚಿನಲ್ಲಿ ಮಿಸ್ ಪಾರ್ಜಿಟರ್ ಒಬ್ಬಳೇ ಉಳಿದಳು. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ.

"ಹನ್ನೆರಡಕ್ಕೇ ಬಂದು ಹಿಡಿದ ಜಾಗ ಇದು. ನಾನು ಎದ್ದರೆ ಆ ವಕೀಲನ ಹೆಂಡತಿ ಬಂದು ಕೂತ್ಕೋತಾಳೆ. ಬರೋದಿಲ್ಲ ಹೋಗಿ!"

"ಅಮ್ಮಾ, ಜಾಗ ನಿಮ್ಮ ಜೊತೇನೇ ಬರುತ್ತೆ," ಎಂದರು ಗಾರ್ಬಟ್. ಅವರೊಂದು ಕಡೆ, ಹೆಸ್ಲಪ್ ಒಂದು ಕಡೆ ಹಿಡಿದು ಕುರ್ಚಿಯ ಸಮೇತ ಎತ್ತಿಕೊಂಡೇ ಹೊರಟರು. ಮುದುಕಿ ದಾರಿಯುದ್ದಕ್ಕೂ ಕೈಚೀಲದಿಂದ ಕ್ಯಾನನ್ ತಲೆಗೆ ಬಡಿಯುತ್ತಿದ್ದಳು.

ಎಲ್ಲರೂ ಹೊರಬರಲು ಹದಿಮೂರು ನಿಮಿಷ ಹಿಡಿಯಿತು. ಯಾರೂ ಎಡವಲಿಲ್ಲ.

ಮೆರವಣಿಗೆ ಬಂತು. ಹುಲ್ಲಿನ ಮೇಲೆ ಸಂತೆಯಂತೆ ನಿಂತ ಜನವನ್ನು ಕಂಡು ಡೀನ್ ಅವರ ಹೆಜ್ಜೆ ತಡೆಯಿತು. ಗಾರ್ಬಟ್ ನೇರವಾಗಿ ಅವರ ಹತ್ತಿರ ಹೋದರು. ನಾನು ಮಾರು ದೂರದಲ್ಲಿದ್ದೆ.

"ನಿಮ್ಮ ಹೆಸರು ಹೇಳಿ ಕರ್ಕೊಂಡು ಬಂದೆ. ಸುಳ್ಳು ಹೇಳ್ದೆ. ನನಗೇನು ಬೇಕಾದ್ರೂ ಮಾಡಿ ಡೀನ್ ಅವರೇ, ಇವರನ್ನ ಮಾತ್ರ ಒಳಗೆ ಕಳಿಸಬೇಡಿ."

ಡೀನ್ ತಲೆಯೆತ್ತಿ ಗೋಪುರವನ್ನು ನೋಡಿದರು. ನಾವೆಲ್ಲ ನೋಡಿದೆವು. ಬಿಸಿಲಲ್ಲಿ ಹೊಂಬಣ್ಣವಾಗಿ, ತುದಿಯಲ್ಲಿ ಕಾಗೆಗಳನ್ನು ಕೂರಿಸಿಕೊಂಡು, ಅಲುಗದೆ ನಿಂತಿತ್ತು.

ಹೊಸ ಬಿಷಪ್ಪರು ಸಂಕೋಚದ ಮನುಷ್ಯ. ಜಗಳ ಬೇಡವೆಂದು ಅಲ್ಲೇ ನಿಂತು ಆಶೀರ್ವಾದ ಮಾಡಿದರು. ಸಿಂಹಾಸನ ಒಳಗಿತ್ತು, ಹಾಗಾಗಿ ಪಟ್ಟಾಭಿಷೇಕ ಅರ್ಧಕ್ಕೇ ನಿಂತಿತು. ಮೂರು ಗಂಟೆಗೆ ಮಳೆ ಹೊಡೆಯಿತು. ನೆನೆದ ಟೋಪಿಗಳನ್ನು ಹಿಡಿದು ಜನ ಮನೆಗೆ ಹೋದರು. ಗೋಪುರ ಬೀಳಲಿಲ್ಲ.

ಬುಧವಾರವೂ ಬೀಳಲಿಲ್ಲ, ಗುರುವಾರವೂ ಬೀಳಲಿಲ್ಲ. ಮಾಂಸದಂಗಡಿಯವನು ಬಾಗಿಲ ಮೇಲೆ ಕೊಡೆ ಕಟ್ಟಿ, "ಗೋಪುರ ಬೀಳುತ್ತಿದೆ, ತಲೆ ಜೋಕೆ" ಎಂದು ಹಲಗೆ ತೂಗುಹಾಕಿದ. ಗಾರ್ಬಟ್ ಬೀದಿಯಲ್ಲಿ ಹೋದರೆ ಯಾರೋ ತಲೆಯ ಮೇಲೆ ಕೈಯಿಟ್ಟುಕೊಂಡು ಬಗ್ಗಿ ಓಡುವ ನಾಟಕ ಆಡುತ್ತಿದ್ದರು. ಗುರುವಾರದ ಸಭೆ ಅವರು ಉಪದೇಶ ಮಾಡಕೂಡದೆಂದು ತೀರ್ಮಾನಿಸಿತು, ರಾಜೀನಾಮೆಗೆ ಒಂದು ವಾರದ ಗಡುವು ಕೊಟ್ಟಿತು. ಭಾನುವಾರ ಎಂದಿನಂತೆ ಆರಾಧನೆ ಎಂದಾಯಿತು. ನನಗೂ ಮನೆ ಬಿಡಲು ಕಾಗದ ಬಂತು, ಕ್ರಿಸ್ಮಸ್‌ವರೆಗೆ ಸಮಯ.

ಆ ಸಂಜೆ ಗಾರ್ಬಟ್ ಅವರ ಮನೆಗೆ ಹೋದೆ. ಸಿಟ್ಟು ಬಂದಿತ್ತು, ಅವರ ಮೇಲೋ ನನ್ನ ಮೇಲೋ ತಿಳಿಯದು. ಅವರು ಚಹಾ ಮುಟ್ಟದೆ ಕೂತಿದ್ದರು.

"ಅದು ಬೀಳಲಿ ಅಂತ ನಾನು ಆಸೆ ಪಡ್ತಿದೀನಿ ಲಮ್ಲಿ," ಎಂದರು. "ನನ್ನ ಮರ್ಯಾದೆ ಉಳೀಲಿ ಅಂತ ಏಳುನೂರು ವರ್ಷದ ಗೋಪುರ ಬೀಳಲಿ ಅಂತ. ಎಂಥಾ ಪಾದ್ರಿ ನಾನು?"

ವಿನಿಫ್ರೆಡ್ ಒಲೆಯ ಹತ್ತಿರದಿಂದಲೇ ಹೇಳಿದರು: "ಮೊದಲು ಆ ಚಹಾ ಕುಡೀರಿ ಇಬ್ಬರೂ. ಗೋಪುರಕ್ಕೆ ನಿಮ್ಮ ಆಸೆ ಕೇಳೋದಿಲ್ಲ."

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಒಬ್ಬನೇ ಒಳಗೆ ಕುರ್ಚಿ ಸರಿಪಡಿಸುತ್ತಿದ್ದೆ. ಗೋಪುರದ ಕೆಳಗಿನ ಸಾಲುಗಳನ್ನು ಮುಗಿಸಿ, ಬಟ್ಟೆ ತರಲೆಂದು ಪಕ್ಕದ ಕೋಣೆಯ ಕಡೆ ಹತ್ತು ಹೆಜ್ಜೆ ಹೋಗಿರಬಹುದು. ಹಿಂದೆ ಗಾಳಿ ಬೀಸಿದಂತಾಯಿತು. ಆಮೇಲೆ ಸದ್ದು. ನೆಲ ನನ್ನನ್ನು ಮೇಲಕ್ಕೆಸೆಯಿತೋ ಏನೋ, ಮುಖ ಅಡಿಯಾಗಿ ಬಿದ್ದಿದ್ದೆ. ಬಿಳಿ ಧೂಳು ಇಳಿದ ಮೇಲೆ ನೋಡಿದರೆ ಕಮಾನಿನಿಂದ ಟ್ರಂಕು ಗಾತ್ರದ ಕಲ್ಲೊಂದು ಕಳಚಿ ಬಿದ್ದಿತ್ತು. ಹನ್ನೊಂದು ಕುರ್ಚಿಗಳು ಚಕ್ಕೆಯಾಗಿದ್ದವು.

ಮೊದಲು ಬಂದವರು ಡೀನ್. ನನ್ನ ಹಣೆಯ ರಕ್ತ ನೋಡಿದರು, ಕಲ್ಲನ್ನು ನೋಡಿದರು. ಮುರಿದ ಕುರ್ಚಿಯ ಒಂದು ಕಾಲನ್ನು ಎತ್ತಿಕೊಂಡರು.

"ಮಂಗಳವಾರ ಇಲ್ಲಿ ಯಾರನ್ನ ಕೂರಿಸಿದ್ದೆ, ಲಮ್ಲಿ?"

"ನರ್ಸುಗಳನ್ನ, ಡೀನ್ ಅವರೇ."

ಅವರು ಕುರ್ಚಿಯ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಟುಹೋದರು.

ಕೆಥೆಡ್ರಲ್ ಮುಚ್ಚಿತು. ಲಂಡನ್ನಿನಿಂದ ಬಂದ ಎಂಜಿನಿಯರ್ ಕಂಬ ಕೊರೆದು ನೋಡಿದ. ಹೊರಗಡೆ ಕಲ್ಲಿನ ಚಿಪ್ಪು, ಒಳಗೆ ಪುಡಿಮಣ್ಣು. "ಇಷ್ಟು ದಿನ ಅಭ್ಯಾಸಬಲದಿಂದ ನಿಂತಿದೆ," ಎಂದ. ರಾಜೀನಾಮೆಯ ಮಾತು, ನನ್ನ ಮನೆಯ ಕಾಗದ, ಎರಡೂ ಸದ್ದಿಲ್ಲದೆ ಮಾಯವಾದವು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವಾರದ ಪತ್ರಿಕೆಗಳು ಡೀನ್ ಸ್ಟ್ರೋಡ್ ಅವರನ್ನು ಹೊಗಳಿ ಬರೆದವು. ಅಪಾಯ ಅರಿತು ಜಾಣತನದಿಂದ ಜನರನ್ನು ಹೊರಗೆ ಕಳಿಸಿದ ಡೀನ್. ಪೀಠದಿಂದ ಸಾರಿದ್ದು ಅವರ ಹೆಸರನ್ನೇ ಅಲ್ಲವೆ? ನರ್ಸುಗಳು ಹೂಗುಚ್ಛ ಹಿಡಿದು ಅವರ ಮನೆಗೆ ಹೋದರು. ಡೀನ್ ಅದನ್ನು ತೆಗೆದುಕೊಂಡರು. ಅಲ್ಲವೆನ್ನಲಿಲ್ಲ.

"ಬಿಟ್ಟುಬಿಡು ಆಸ್ವಿನ್," ಎಂದರು ವಿನಿಫ್ರೆಡ್. ನಾನೂ ಅಲ್ಲೇ ಇದ್ದೆ. "ಜನ ಉಳಿದ್ರಲ್ಲ, ಸಾಲದೆ? ಯಾರ ಹೆಸರಾದರೇನು."

"ಹೆಸರಿನ ಆಸೆ ಅಂದ್ಕೊಂಡೆಯಾ?"

"ಆಸೆ ಇಲ್ವಾ?"

"ಐತೆ," ಎಂದರು. "ಅದಕ್ಕೇ ಎರಡು ವಾರದಿಂದ ಬಾಯಿ ಕಟ್ಕೊಂಡು ಕೂತಿದೀನಿ. ಆದ್ರೆ ನಾ ಆಡಿದ ಸುಳ್ಳು ದಿನಾ ಬೆಳೀತಾ ಐತಲ್ಲೇ. ನಾಳೆ ಗೋಡೆ ಮೇಲೆ ಕಲ್ಲಲ್ಲಿ ಕೆತ್ತಿಸ್ತಾರೆ. ಜೀವ ಉಳಿಸಾಕೆ ಅಂತ ಹೇಳಿದ್ದು. ಜೀವ ಉಳೀತು. ಇನ್ನು ಯಾಕೆ ಇಟ್ಕೋಬೇಕು ಅದನ್ನ?"

ಮರುದಿನ ಡೀನ್ ಅವರ ಬಾಗಿಲಿಗೆ ಹೋಗಿ ಹೇಳಿದರಂತೆ: "ನಾನು ಸುಳ್ಳಾಡಿದೆ ಅಂತ ಹೇಳ್ತೀನಿ. ನೀವು ಬೇಡ ಅಂದಿರಿ ಅನ್ನೋದನ್ನ ಹೇಳೋದಿಲ್ಲ." ಡೀನ್, "ನಿಮ್ಮ ಇಷ್ಟ," ಎಂದು ಬಾಗಿಲು ಹಾಕಿಕೊಂಡರಂತೆ.

ಆಗ ಆರಾಧನೆ ನಡೆಯುತ್ತಿದ್ದದ್ದು ಹೊಳೆಯ ದಂಡೆಯ ಸಂತ ಹಿಲ್ಡಾ ಇಗರ್ಜಿಯಲ್ಲಿ. ಭಾನುವಾರ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಾರ್ಬಟ್ ಪೀಠ ಹತ್ತಿದರು. ಪೀಠದ ಅಂಚು ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಡೀನ್, ಬೆನ್ನು ಕೋಲಿನಂತೆ ನೇರ.

"ಮೈಕೇಲ್ಮಸ್ ದಿನ ನಾನು ಡೀನ್ ಅವರ ಹೆಸರಲ್ಲಿ ನಿಮ್ಮನ್ನ ಹೊರಗೆ ಕರೆದೆ. ಅವರು ಹಾಗೆ ಹೇಳಿರಲಿಲ್ಲ. ಅದು ಸುಳ್ಳು. ದೇವರ ಮನೇಲಿ ನಿಂತು ನಿಮಗೆ ಸುಳ್ಳು ಹೇಳಿದೆ. ಕ್ಷಮೆ ಕೇಳ್ತೀನಿ."

ಹಿಂದಿನಿಂದ ಮೀನು ಮಾರುವ ಹೆಂಗಸಿನ ದನಿ ಬಂತು: "ನನ್ನ ಮಗಳು ಆ ನರ್ಸುಗಳ ಸಾಲಲ್ಲಿದ್ಲು ಕ್ಯಾನನ್ನರೇ! ಇನ್ನೊಂದ್ಸಲ ಬೇಕಾದ್ರೂ ಸುಳ್ಳು ಹೇಳ್ರಿ!"

ಇಗರ್ಜಿಯೇ ನಕ್ಕಿತು. ಕೆಲವರು ಅಳುತ್ತಲೇ ನಕ್ಕರು. ಗಾರ್ಬಟ್ ನಗಲಿಲ್ಲ. ಅವರ ಕಣ್ಣು ಡೀನ್ ಅವರ ಮೇಲಿತ್ತು. ಹಾಗಾದರೆ ಡೀನ್ ಏನೆಂದಿದ್ದರು ಎಂದು ಜನರೆಲ್ಲ ಲೆಕ್ಕ ಹಾಕಿಕೊಳ್ಳುತ್ತಿರುವುದು ಆ ನೇರ ಬೆನ್ನಿಗೂ ಗೊತ್ತಾಗುತ್ತಿತ್ತು. ಆರಾಧನೆ ಮುಗಿದದ್ದೇ ಅವರು ಪಕ್ಕದ ಬಾಗಿಲಿಂದ ಹೊರಟರು. ನವೆಂಬರಿನಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಪದವಿ ಬಿಟ್ಟರು, ದಕ್ಷಿಣದ ಕಡಲತೀರದ ತಂಗಿಯ ಮನೆಗೆ ಹೋದರು.

ಗಾರ್ಬಟ್ ವರ್ಷವರ್ಷ ಅವರಿಗೆ ಕ್ರಿಸ್ಮಸ್ ಕಾಗದ ಬರೆದರು. ಉತ್ತರ ಬರಲಿಲ್ಲ. "ನಾನು ಮಾಡಿದ್ದು ಸರಿ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು, "ಆದ್ರೆ ಸರಿ ಮಾಡೋವಾಗ ಒಳಗೊಳಗೇ ಖುಷಿನೂ ಆಯ್ತು ನೋಡು. ಅದು ಅವರಿಗೆ ಕಂಡಿರುತ್ತೆ." ಹೊಸ ಡೀನ್ ನೇಮಕವಾದಾಗ ಇವರ ಹೆಸರನ್ನು ಯಾರೂ ಎತ್ತಲಿಲ್ಲ. ಸುಳ್ಳು ಹೇಳಬಲ್ಲ ಮನುಷ್ಯ, ಅದಕ್ಕಿಂತ ಹೆಚ್ಚಾಗಿ ಅದನ್ನು ಒಪ್ಪಿಕೊಳ್ಳಬಲ್ಲ ಮನುಷ್ಯ, ಮೇಲಿನವರಿಗೆ ಎರಡೂ ಬೇಡವಾಗಿತ್ತು. ಗಾರ್ಬಟ್ ಅವರಿಗೆ ಬೇಸರವಾಯಿತು, ಮುಚ್ಚಿಡಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಕಲ್ಲುಕುಟಿಗರ ಕೊಟ್ಟಿಗೆಗೆ ಬಂದು ಕೂತರು. ಆಗ ಅಲ್ಲಿ ನಾನೂ ಕೂತು ರೊಟ್ಟಿ ತಿನ್ನುತ್ತಿದ್ದೆ.

ಕಂಬಗಳ ಹೊಟ್ಟೆಗೆ ಸಿಮೆಂಟು ತುಂಬಿ, ಉಕ್ಕಿನ ಪಟ್ಟಿ ಬಿಗಿದು, ಗೋಪುರ ಗಟ್ಟಿಯಾಗಲು ಸುಮಾರು ಮೂರು ವರ್ಷ ಬೇಕಾಯಿತು. ೧೯೩೯ರ ಜೂನಿನಲ್ಲಿ ಕೆಥೆಡ್ರಲ್ ಮತ್ತೆ ತೆರೆಯಿತು. ಗೋಪುರದ ಕೆಳಗೆ ಮೊದಲು ಹೆಜ್ಜೆಯಿಡುವ ಗೌರವ ಕ್ಯಾನನ್ ಗಾರ್ಬಟ್ ಅವರದು ಎಂದು ಹೊಸ ಡೀನ್ ಹೇಳಿದರು. ತುಂಬಿದ ಸಭೆ ಎದ್ದು ನಿಂತಿತು. ನಾನು ಕೋಲು ಹಿಡಿದು ಮುಂದೆ ನಡೆದೆ. ಕಮಾನಿನ ಹತ್ತಿರ ಬರುವಾಗ ಹಿಂದಿನ ಹೆಜ್ಜೆ ನಿಂತದ್ದು ಗೊತ್ತಾಯಿತು.

ತಿರುಗಿ ನೋಡಿದೆ. ಮುಖ ಬಿಳಿಚಿಕೊಂಡಿತ್ತು, ಹಣೆಯ ಮೇಲೆ ಬೆವರು.

"ಆಗ್ತಿಲ್ಲ ಲಮ್ಲಿ," ಎಂದರು, ನನಗೆ ಮಾತ್ರ ಕೇಳುವಂತೆ. "ಕಾಲು ಬರ್ತಿಲ್ಲ."

"ಗಟ್ಟಿ ಆಗಿದೆ ಕ್ಯಾನನ್. ಹೆಸ್ಲಪ್ ಪ್ರತಿಯೊಂದು ಕಲ್ಲು ತಟ್ಟಿ ನೋಡಿದ್ದಾನೆ."

"ಗೊತ್ತು. ಕಾಲಿಗೆ ಗೊತ್ತಿಲ್ಲ."

ವರ್ಜರ್ ಆದವನು ಪಾದ್ರಿಯ ಮುಂದೆ ನಡೆಯಬೇಕು, ಪಕ್ಕದಲ್ಲಲ್ಲ. ನಾನು ಎರಡು ಹೆಜ್ಜೆ ಹಿಂದೆ ಬಂದು ಅವರ ಪಕ್ಕ ನಿಂತೆ. ಅವರು ನನ್ನ ನಿಲುವಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಹಾಗೇ ಇಬ್ಬರೂ ನಡೆದು ಆಚೆ ದಾಟಿದೆವು.

ಆಮೇಲೆ ಹನ್ನೆರಡು ವರ್ಷ ಅವರು ಅಲ್ಲಿ ಸೇವೆ ಮಾಡಿದರು. ಗೋಪುರದ ಕೆಳಗೆ ಹೋಗಬೇಕಾದಾಗಲೆಲ್ಲ ನಾನು ಪಕ್ಕದಲ್ಲೇ ನಡೆದೆ. ಅದೇ ಕೆಥೆಡ್ರಲಿನ ಪದ್ಧತಿಯೆಂದು ಹೊಸಬರು ತಿಳಿದುಕೊಂಡರು.